ಪುರುಸೊತ್ತಿಲ್ಲ ಎನ್ನುವ ಗತ್ತು

ಮದುವೆ ಮನೆಯಲ್ಲಿ ಯಾರನ್ನಾದರೂ ‘ಹೇಗಿದ್ದೀಯಪ್ಪ’ ಅಂದರೆ ‘ಸಾಯೋಕೂ ಪುರುಸೊತ್ತಿಲ್ಲಕ್ಕಾ’ ಅನ್ನುತ್ತಾರೆ. ಮುಖದಲ್ಲಿ ದಣಿವಿಗಿಂತ ಗತ್ತೇ ಹೆಚ್ಚು. ಏನಪ್ಪಾ ಅಂಥ ಕೆಲಸ ಎಂದು ಕೆದಕಿದರೆ, ಚಿಕ್ಕಬಳ್ಳಾಪುರದಲ್ಲಿ ಯಾರನ್ನೋ ನೋಡಬೇಕು, ಚಿಂತಾಮಣಿಯಲ್ಲಿ ಯಾರದ್ದೋ ಗೃಹಪ್ರವೇಶಕ್ಕೆ ಮುಖ ತೋರಿಸಬೇಕು, ನಡುವೆ ಐದಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಗುಡ್ ಮಾರ್ನಿಂಗ್ ಹಾಕಬೇಕು.

ನಾನು ಶಿಡ್ಲಘಟ್ಟ ತಾಲ್ಲೂಕಿನವಳು, ರೇಷ್ಮೆ ಬೆಳೆಯುವ ಮನೆ. ಮೈಮುರಿಯುವ ಕೆಲಸವನ್ನು ಹಗುರವಾಗಿ ಆಡುವವಳಲ್ಲ. ಹುಳು ಚರ್ಮ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ; ನಾಲ್ಕನೇ ಜ್ವರದಿಂದ ಎದ್ದ ಮೇಲೆ ನಮಗೆ ನಿದ್ದೆಯಿಲ್ಲ. ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಆ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತವೆ. ಕೊಯ್ದು, ಹೊತ್ತು, ಹಾಕಿ ಸೊಂಟ ಬಿದ್ದುಹೋಗುತ್ತದೆ. ಆದರೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಿದರೆ ಆ ಓಟಕ್ಕೆ ಒಂದು ಕೊನೆಯಿದೆ. ಗೂಡು ಮಾರ್ಕೆಟ್ಟಿಗೆ ಹೋಗುತ್ತದೆ, ಸಾಲದ ಕಂತು ಕಟ್ಟುತ್ತೇವೆ.

ಈ ಕೆಲಸದಲ್ಲಿ ಸುಮ್ಮನಿರಬೇಕಾದ ಹೊತ್ತೂ ಇದೆ. ಜ್ವರದಲ್ಲಿ ಹುಳು ತಿನ್ನುವುದಿಲ್ಲ. ತಲೆ ಎತ್ತಿ ಅಲ್ಲಾಡದೆ ಕೂತಿರುತ್ತದೆ, ಒಳಗೆ ಹಳೇ ಚರ್ಮ ಬಿಡುತ್ತಿರುತ್ತದೆ. ಹೊಸಬರ ಕೈ ಸುಮ್ಮನಿರುವುದಿಲ್ಲ. ಪಾಪ, ಹಸಿದಿವೆಯೇನೋ ಎಂದು ಸೊಪ್ಪು ಹಾಕುತ್ತಾರೆ. ಮೊದಲು ಎದ್ದವು ತಿಂದು ಮುಂದೆ ಹೋಗುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಬೆಳೆಯೇ ಏರುಪೇರು. ಸುಣ್ಣದ ಪುಡಿ ಉದುರಿಸಿ ಕೈಕಟ್ಟಿ ಕೂರಬೇಕು. ನಮ್ಮತ್ತೆಗೆ ಅದು ಬರುತ್ತಿತ್ತು. ಈಗಿನವರಿಗೆ ಕೂರುವುದೇ ಅವಮಾನ.

ಪುರುಸೊತ್ತಿನ ಮಾತು ಬಂದಾಗ ನನಗೆ ನೆನಪಾಗುವವರು ಡಾ. ಎಚ್. ನರಸಿಂಹಯ್ಯ, ನಮ್ಮದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1920ರಲ್ಲಿ ಹುಟ್ಟಿದ ಬಡ ಹುಡುಗ, ಓದಲೆಂದು ಬೆಂಗಳೂರಿಗೆ ನಡೆದೇ ಹೋದವರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು ಸೇರಿದರು. ಮುಂದೆ ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲ್, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪುರುಸೊತ್ತಿಲ್ಲ ಅನ್ನುವ ಹಕ್ಕು ಇದ್ದರೆ ಅವರಿಗಿತ್ತು. ಅವರೋ ಮದುವೆಯಾಗದೆ, ಖಾದಿ ತೊಟ್ಟು, ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಬದುಕು ಕಳೆದರು. (ಎಲ್ಲರೂ ಹಾಗಿರಿ ಅನ್ನುತ್ತಿಲ್ಲ, ಹುಳುಮನೆ, ಮೊಮ್ಮಕ್ಕಳು ಇರುವ ನನಗೂ ಅದು ಆಗದ ಮಾತು.) ಬೇಡದ್ದನ್ನು ಬಿಟ್ಟು ಉಳಿಸಿಕೊಂಡ ಹೊತ್ತನ್ನು ಎಲ್ಲಿಗೆ ಹಾಕಿದರು ಅನ್ನುವುದು ನನಗೆ ಮುಖ್ಯ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಜನಸಾಮಾನ್ಯರಿಗಾಗಿ ವಾರಕ್ಕೊಂದು ಉಪನ್ಯಾಸ. ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಿಗೆ ಕಾಲೇಜು ಬಂದದ್ದರ ಹಿಂದೆಯೂ ಅವರ ದುಡಿಮೆಯಿದೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಬಸ್ಸು ಹತ್ತಿ ಬೆಂಗಳೂರಿಗೆ ಹೋಗದೆಯೇ ಪದವಿ ಓದಿದರು.

ಇಷ್ಟು ಹೇಳಿದ್ದು ಒಂದು ಬೇಡಿಕೆ ಇಡಲು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸಮುದಾಯ ಭವನಗಳಿಗೇನೂ ಕೊರತೆಯಿಲ್ಲ, ಮುಹೂರ್ತವಿಲ್ಲದ ದಿನ ಖಾಲಿ ಬಿದ್ದಿರುತ್ತವೆ. ವಾರಕ್ಕೊಂದು ಸಂಜೆ ಯಾರಾದರೂ ಮೇಷ್ಟ್ರು, ಡಾಕ್ಟರು, ಕೃಷಿ ಬಲ್ಲವರು ಬಂದು ಒಂದು ಗಂಟೆ ಮಾತಾಡಲಿ. ಹಾರ, ಶಾಲು, ವೇದಿಕೆಯ ಮೇಲೆ ಇಪ್ಪತ್ತು ಕುರ್ಚಿ ಬೇಡ. ಸಂಜೆಯ ಸೊಪ್ಪು ಸ್ವಲ್ಪ ಬೇಗ ಹಾಕಿ ನಾನಂತೂ ಬರುತ್ತೇನೆ.