ಸೂರಿನ ದೋಣಿಯೇ ಆಂಟೆನಾ

ಹೆಂಚಿನ ಮನೆಯ ಸೂರಿನಂಚಿಗೆ ಮಳೆನೀರು ಹರಿಯಲೆಂದು ಕಟ್ಟುವ ತಗಡಿನ ದೋಣಿಯನ್ನು ಹ್ಯಾಮ್ ರೇಡಿಯೋಗೆ ಆಂಟೆನಾ ಮಾಡಿಕೊಳ್ಳಬಹುದೇ? ನಮ್ಮ ಹಾರನಹಳ್ಳಿಯ ಹುಡುಗನೊಬ್ಬನ ಪ್ರಶ್ನೆ ಇದು. ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಪರವಾನಗಿ ಪಡೆದಿದ್ದಾನೆ. ಕಂಬ ನೆಡಿಸಲು ಕೈಯಲ್ಲಿ ಕಾಸಿಲ್ಲ. ಮಾಡಿಕೊಳ್ಳಬಹುದು. ಆದರೆ ದೋಣಿಯ ಕೀಲುಗಳನ್ನು ನೋಡದೆ ತಂತಿ ಸಿಕ್ಕಿಸಬಾರದು.

ಮೊದಲು ಉದ್ದದ ಲೆಕ್ಕ. ರೇಡಿಯೋ ಅಲೆ ಸೆಕೆಂಡಿಗೆ 30 ಕೋಟಿ ಮೀಟರ್ ಓಡುತ್ತದೆ. ನಮ್ಮ ದೇಶದ ಹವ್ಯಾಸಿಗಳು ಹಗಲಿನಲ್ಲಿ ಹೆಚ್ಚಾಗಿ ಬಳಸುವ 7.1 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 42 ಮೀಟರ್. ಅದರ ಕಾಲುಭಾಗವೆಂದರೆ ಹತ್ತು ಮೀಟರಿನ ಆಸುಪಾಸು, ಅಂದರೆ 33 ಅಡಿ. ಸಾಧಾರಣ ಮನೆಯ ಒಂದು ಬದಿಯ ಸೂರು! ಜೊತೆಗೆ ಅರ್ಥ್ ಬೇಕು. ಅಷ್ಟೇ ಉದ್ದದ ನಾಲ್ಕಾರು ತಂತಿಗಳನ್ನು ಹಿತ್ತಿಲಲ್ಲಿ ಹೂತರಾಯಿತು. ಅಳತೆ ಹೆಚ್ಚುಕಡಿಮೆಯಾದರೆ ಟ್ಯೂನರ್ ಸರಿದೂಗಿಸುತ್ತದೆ.

ತೊಡಕಿರುವುದು ಕೀಲಿನಲ್ಲಿ. ತಗಡುಗಳನ್ನು ಒಂದರ ಮೇಲೊಂದಿಟ್ಟು ರಿವೆಟ್ ಹೊಡೆದು, ಸೋರದಿರಲೆಂದು ಡಾಂಬರು ಬಳಿದಿರುತ್ತಾರೆ. ಡಾಂಬರಿನ ಮೂಲಕ ವಿದ್ಯುತ್ತು ಹರಿಯದು. ರಿವೆಟ್ಟಿನ ಸುತ್ತ ತುಕ್ಕು ಹಿಡಿದಿದ್ದರಂತೂ ಇನ್ನೊಂದು ಆಟ. ತುಕ್ಕಿನ ಪದರ ಡಯೋಡಿನಂತೆ ಪ್ರವಾಹವನ್ನು ಒಂದು ದಿಕ್ಕಿಗೆ ಸಲೀಸಾಗಿ ಬಿಡುತ್ತದೆ, ಇನ್ನೊಂದಕ್ಕೆ ತಡೆಯುತ್ತದೆ. ಹಿಂದಿನ ಕಾಲದ ರೇಡಿಯೋದಲ್ಲಿ ಗೆಲೀನಾ ಹರಳು ಮಾಡುತ್ತಿದ್ದುದೂ ಇದನ್ನೇ. ಅಲ್ಲಿ ಉಪಕಾರ, ಇಲ್ಲಿ ಉಪದ್ರವ. 7.1ರಲ್ಲಿ ಆಡಿದ ಮಾತು 14.2ರಲ್ಲಿ, 21.3ರಲ್ಲಿ ಕೂಡ ಹೊರಡುತ್ತದೆ. ಪಕ್ಕದ ಮನೆಯ ರೇಡಿಯೋದಲ್ಲಿ ಗೊರಗೊರ ಶುರುವಾಗುತ್ತದೆ. ಆದ್ದರಿಂದ ಪ್ರತಿ ಕೀಲನ್ನೂ ಉಜ್ಜಿ ಬೆಸುಗೆ ಹಾಕಿಸಬೇಕು. ತಾಮ್ರದ ಪಟ್ಟಿ ಜೋಡಿಸಬೇಡಿ, ಮಳೆನೀರು ಬಿದ್ದರೆ ತಾಮ್ರದ ಪಕ್ಕದ ಸತು ಬೇಗ ಸವೆಯುತ್ತದೆ. ಮಲ್ಟಿಮೀಟರು ಈ ತುದಿಯಿಂದ ಆ ತುದಿಗೆ ಒಂದು ಓಮ್‌ಗಿಂತ ಕಡಿಮೆ ತೋರಿಸಿದರೆ ಸೈ.

ದೋಣಿ ಇರುವುದು ಹತ್ತಡಿ ಎತ್ತರದಲ್ಲಿ. ಶಕ್ತಿಯ ದೊಡ್ಡ ಪಾಲನ್ನು ನೆಲವೇ ನುಂಗುತ್ತದೆ. ಎರಡು ತೆಂಗಿನ ಮರಗಳ ನಡುವೆ ಎತ್ತರದಲ್ಲಿ ಎಳೆದ 66 ಅಡಿ ತಂತಿ ಇದಕ್ಕಿಂತ ಮೇಲು, ಅನುಮಾನವಿಲ್ಲ. ದೋಣಿಯಿಂದ ಹೊರಟದ್ದು ಹೆಚ್ಚಾಗಿ ನೆತ್ತಿಯ ಕಡೆಗೇ ಏರಿ, ಅಯಾನುಗೋಳಕ್ಕೆ ತಾಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರಿನೊಳಗೆ ಇಳಿಯುತ್ತದೆ. ಅಮೆರಿಕ ಸಿಗುವುದು ಕಷ್ಟ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಹಗಲಲ್ಲಿ ಸಿಕ್ಕಾವು. ನೆರೆ ಬಂದು ಫೋನು ಸತ್ತಾಗ ಬೇಕಾದದ್ದೂ ಅದೇ ತಾನೆ?

ಇನ್ನು ಪ್ರಾಣದ ಮಾತು. ಲೈಟು ಕಂಬದಿಂದ ಬರುವ ಸರ್ವಿಸ್ ವೈರು ಸೂರಿಗೆ ತಾಗುವಂತಿದ್ದರೆ ಈ ಯೋಚನೆಯನ್ನೇ ಬಿಡಿ. ಪ್ರಸಾರದ ವೇಳೆ ದೋಣಿ ಮುಟ್ಟಿದರೆ ಬೆರಳು ಸುಟ್ಟೀತು. ಮಕ್ಕಳ ಕೈಗೆ ಎಟಕುವ ಜಗಲಿ ಸೂರು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟುತ್ತಿದ್ದಂತೆಯೇ, ಗುಡುಗು ಕೇಳುವ ಮೊದಲೇ, ತಂತಿಯನ್ನು ರೇಡಿಯೋದಿಂದ ಬಿಚ್ಚಿ ಮನೆಯ ಹೊರಗೆ ಅರ್ಥಿಗೆ ಸೇರಿಸಿಬಿಡಬೇಕು.

ಈಚೆಗೆ ಪ್ಲಾಸ್ಟಿಕ್ ದೋಣಿ ಹಾಕಿಸಿದವರೂ ನಿರಾಶರಾಗಬೇಕಿಲ್ಲ. ರೇಡಿಯೋ ಅಲೆಗೆ ಪ್ಲಾಸ್ಟಿಕ್ ಅಡ್ಡಿಯಲ್ಲ. ಒಳಗಂಚಿನಲ್ಲಿ ಹೊದಿಕೆಯಿರುವ 33 ಅಡಿ ತಾಮ್ರದ ತಂತಿ ಎಳೆದರೆ ಕೀಲಿನ ರಗಳೆಯೇ ಇಲ್ಲ. ದೋಣಿಯಲ್ಲಿ ನೀರು ತುಂಬಿ ಹರಿಯುವಾಗ ಟ್ಯೂನರನ್ನು ಒಂದಿಷ್ಟು ತಿರುಗಿಸಬೇಕಾದೀತು, ಅಷ್ಟೆ.