ಹಿಂದಿನ ಸಾಲಿನ ಬಾಯಿಗೆ ಬೀಗ ಜಡಿದವರು ಯಾರು?

"ತಿಳೀತೇನು?"

"ತಿಳೀತ್ರೀ ಸರ್ರ!"

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ, ಸವಣೂರಿನಿಂದ ಶಿಗ್ಗಾಂವಿಯವರೆಗೆ ಯಾವ ಶಾಲೆಯ ಕಿಟಕಿಗೆ ಕಿವಿಗೊಟ್ಟರೂ ಈ ಎರಡು ಮಾತು ಕೇಳುತ್ತವೆ. ಎರಡನೆಯದು ಸುಳ್ಳು. ಮಕ್ಕಳ ಬಾಯಿಂದ ದಿನಕ್ಕೆ ಹತ್ತು ಸಲ ನಾವು ಹೇಳಿಸುತ್ತಿರುವ ಸುಳ್ಳು.

ಮುಂದೆ ಕೂತ ನಾಲ್ಕೈದು ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಾರೆ, ಉಳಿದವರು ತುಟಿ ಆಡಿಸುತ್ತಾರೆ, ಮಾಸ್ತರರು ಪುಟ ತಿರುವುತ್ತಾರೆ. ಪಾಠ ಮುಗಿಯಿತೆಂದು ದಾಖಲೆಯಾಗುತ್ತದೆ. ಸಾಹೇಬರು ತಪಾಸಣೆಗೆ ಬಂದಾಗಲೂ ಇದೇ ಕಥೆ. ಅವರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಮಾಸ್ತರರ ಕಣ್ಣು ಜಾಣ ಹುಡುಗನ ಮೇಲೆ ಬಿದ್ದಿರುತ್ತದೆ. ಅವನು ಎದ್ದು ನಿಂತು ಪಟಪಟ ಉತ್ತರ ಒಪ್ಪಿಸುತ್ತಾನೆ, ಸಾಹೇಬರು "ಭೇಷ್" ಎಂದು ಹೊರಡುತ್ತಾರೆ. ಒಬ್ಬನ ಬಾಯಿ ಇಡೀ ತರಗತಿಯ ಬಾಯಿಯೆಂದು ವರದಿಯಾಗುತ್ತದೆ. ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಕೂತ ಹುಡುಗಿ ಜೂನ್ ತಿಂಗಳಿಂದ ಮಾರ್ಚ್‌ವರೆಗೆ ತರಗತಿಯಲ್ಲಿ ಆಡಿದ ಮಾತು ಒಂದೇ: ಹಾಜರಿ ಕೂಗಿದಾಗ "ಎಸ್ ಸರ್".

ಆ ಹುಡುಗಿ ಯಾರೆಂದು ಕೇಳಿ. ಹೆಸರು ಬೇಡ, ಕೇರಿ ಕೇಳಿದರೆ ಸಾಕು. ಶಿಗ್ಗಾಂವಿ, ಸವಣೂರಿನ ಕಡೆಯವಳಾದರೆ ತಾಂಡಾದವಳಿರಬಹುದು. ಮನೆಯಲ್ಲಿ ಲಂಬಾಣಿ ಮಾತು, ಶಾಲೆಯಲ್ಲಿ ಪುಸ್ತಕದ ಕನ್ನಡ. ಹಿರೇಕೆರೂರಿನ ಕಡೆಯವಳಾದರೆ ಹತ್ತಿ ಬೀಜೋತ್ಪಾದನೆಯ ಹೊಲಕ್ಕೆ, ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗಿ ದಿನಗಟ್ಟಲೆ ಪಾಠ ತಪ್ಪಿಸಿಕೊಂಡವಳಿರಬಹುದು. ಅಪ್ಪ-ಅವ್ವ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿ ಅಜ್ಜಿಯ ಹತ್ತಿರ ಉಳಿದವಳಿರಬಹುದು. ದಲಿತ ಕೇರಿಯವಳಿರಬಹುದು. ಮುಂದಿನ ಸಾಲು ಯಾರಿಗೆ, ಹಿಂದಿನ ಸಾಲು ಯಾರಿಗೆ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. ಊರಲ್ಲಿ ಯಾರ ಮನೆ ಎಲ್ಲಿದೆಯೋ ತರಗತಿಯಲ್ಲೂ ಅವರು ಅಲ್ಲೇ ಕೂತಿರುತ್ತಾರೆ.

"ಆಕಿದು ಮಾತ ಕಡಿಮಿರಿ." "ಎಷ್ಟ ಹೇಳಿದ್ರೂ ತಲಿಗೆ ಹತ್ತೂದಿಲ್ಲರಿ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದೇ ಹುಡುಗಿಯನ್ನು ಸಂತೆಯ ದಿನ ನೋಡಿ. ಕಾಯಿಪಲ್ಲೆ ಮಾರುವ ಅವ್ವನ ಪಕ್ಕ ಕೂತು ಒಂದು ರೂಪಾಯಿ ತಪ್ಪದಂತೆ ಚಿಲ್ಲರೆ ಎಣಿಸುತ್ತಾಳೆ. ಹೆಚ್ಚು ಚೌಕಾಸಿಗಿಳಿದವರಿಗೆ ತಿರುಗಿ ಉತ್ತರ ಕೊಡುತ್ತಾಳೆ. ಅಂಥವಳ ನಾಲಿಗೆ ಶಾಲೆಯ ಗೇಟು ದಾಟಿದ ಕೂಡಲೇ ಯಾಕೆ ಸತ್ತುಹೋಗುತ್ತದೆ? ಎಂದೋ ಒಂದು ದಿನ ಅವಳೂ ಬಾಯಿ ತೆರೆದಿದ್ದಳು. ತಪ್ಪು ಹೇಳಿದಳು, ತರಗತಿ ನಕ್ಕಿತು, "ಕುಂದರು" ಎಂದರು. ಕೂತವಳು ಮತ್ತೆ ಏಳಲಿಲ್ಲ. ಇದನ್ನು ಸ್ವಭಾವ ಎಂದು ಕರೆಯುವುದು ಅನ್ಯಾಯ. ಬೇರೆ ಯಾವ ಪಾಠ ಕಲಿಸದಿದ್ದರೂ ಬಾಯಿ ಮುಚ್ಚಿಕೊಂಡಿರುವ ಪಾಠವನ್ನು ಅವಳಿಗೆ ಚೆನ್ನಾಗಿಯೇ ಕಲಿಸಿದ್ದೇವೆ.

2010ನೇ ಇಸವಿಯನ್ನು ನೆನೆಯಿರಿ. ಆ ವರ್ಷದ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ದೇಶದಲ್ಲಿ ಜಾರಿಗೆ ಬಂತು. ಅದರ 29ನೇ ಕಲಂ ಮಗು ಚಟುವಟಿಕೆಯಿಂದ, ತಾನೇ ಹುಡುಕಿ ಕಲಿಯಬೇಕು ಎನ್ನುತ್ತದೆ. ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳಲು ಮಗುವಿಗೆ ನೆರವಾಗಬೇಕು ಎನ್ನುತ್ತದೆ. ಅದೇ ವರ್ಷ ಜುಲೈಯಲ್ಲಿ ಮಲ ಹೊರುತ್ತಿದ್ದ ಸವಣೂರಿನ ಭಂಗಿ ಕುಟುಂಬಗಳವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಇದ್ದ ನೆಲೆಯಿಂದ ತಮ್ಮನ್ನು ಎಬ್ಬಿಸಬೇಡಿ ಎಂದು ಹೇಳಲು ಅವರಿಗೆ ಉಳಿದಿದ್ದ ಭಾಷೆ ಅದೊಂದೇ. ಬಾಯಲ್ಲಿ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳದಿದ್ದಾಗ ಮನುಷ್ಯರು ಅಲ್ಲಿಗೆ ಮುಟ್ಟುತ್ತಾರೆ. ಅಂಥ ಮನೆಯಿಂದ ಬಂದ ಮಗು "ಸ್ವಚ್ಛತೆ" ಎಂಬ ಪಾಠದ ದಿನ ತರಗತಿಯಲ್ಲಿ ಕೈ ಎತ್ತಬೇಕೆಂದರೆ ಎಷ್ಟು ಧೈರ್ಯ ಬೇಕು, ಯೋಚಿಸಿದ್ದೀರಾ? ಆ ಪಾಠದ ವಿಷಯದಲ್ಲಿ ಆ ಮಗುವಿಗಿಂತ ಹೆಚ್ಚು ತಿಳಿದವರು ಆ ಕೋಣೆಯಲ್ಲಿ ಇನ್ನೊಬ್ಬರಿಲ್ಲ, ಮಾಸ್ತರರೂ ಸೇರಿ. ಆದರೆ ಆ ಮಗುವನ್ನು ಯಾರೂ ಕೇಳುವುದಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎಂದು ಬರೆಸಿ ಪಾಠ ಮುಗಿಸುತ್ತಾರೆ.

ಇದೇ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದವರು ವಿ.ಕೃ. ಗೋಕಾಕರು. ಇದೇ ತಾಲ್ಲೂಕಿನ ಹತ್ತಿಮತ್ತೂರಿನವರು ಕವಿ ಚಂಪಾ. ಶಾಲೆಯಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು 1981ರಲ್ಲಿ ಗೋಕಾಕರ ಸಮಿತಿ ವರದಿ ಕೊಟ್ಟಿತು. ಅದು ಜಾರಿಯಾಗಲೆಂದು ಚಂಪಾ ಬೀದಿಗಿಳಿದರು. ನಾವು ಆ ಚಳವಳಿಯನ್ನು ಹಾಡಿ ಹೊಗಳುತ್ತೇವೆ. ಆದರೆ ಶಾಲೆಗೆ ಬಂದ ಕನ್ನಡ ಯಾರದು? "ಅಪ್ಪ ಹೊಲಕ್ಕ ಹೋಗ್ಯಾನ್ರಿ" ಎಂದ ಮಗುವಿಗೆ "ಸರಿಯಾಗಿ ಹೇಳು" ಎಂದು ಗದರಿಸುವ ಕನ್ನಡ ನಮ್ಮದಾಗಿದೆ. ಮಗು ಹೇಳಿದ ವಿಷಯ ಯಾರಿಗೂ ಬೇಡ, ವಿಭಕ್ತಿ ಬೇಕು. ಕನ್ನಡದ ಮಗುವಿಗೇ ಈ ಗತಿಯಾದರೆ ಲಂಬಾಣಿ ಮಗುವಿನ, ಸವಣೂರಿನ ಉರ್ದು ಮನೆಯ ಮಗುವಿನ ಪಾಡೇನು? ಮೊದಲು ಅದು ತನ್ನ ಮನೆಮಾತಿನಲ್ಲಿ ಯೋಚಿಸಲಿ, ಪಕ್ಕದವಳ ಜೊತೆ ಅದರಲ್ಲೇ ಮಾತಾಡಲಿ, ಆಮೇಲೆ ಕನ್ನಡದಲ್ಲಿ ಹೇಳಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮನಸ್ಸು ಬೇಕು.

ಈ ನೆಲದ ಮೇಷ್ಟ್ರುಗಳಿಗೆ ನಾನು ಈ ನೆಲದ್ದೇ ಕಥೆ ಹೇಳುತ್ತೇನೆ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಶರೀಫ ಕಳಸದ ಗೋವಿಂದಭಟ್ಟರ ಬಳಿ ಕಲಿಯಲು ಹೋದಾಗಿನ ಕಥೆ ಜನರ ಬಾಯಲ್ಲಿ ಇಂದಿಗೂ ಇದೆ. ನಿನ್ನಪ್ಪ ಯಾರೋ ಎಂದು ಭಟ್ಟರು ಕೇಳಿದರಂತೆ. ನಿಮ್ಮಪ್ಪ ಯಾರೋ ನಮ್ಮಪ್ಪನೂ ಅವನೇ ಎಂದು ಹುಡುಗ ತಿರುಗಿ ಹೇಳಿದನಂತೆ. ಸುತ್ತಲಿದ್ದವರು ಉರಿದುಬಿದ್ದರು, ಭಟ್ಟರು ಹಿಗ್ಗಿದರು. ಇಂದು ಆ ಉತ್ತರವನ್ನು ಅದೇ ತಾಲ್ಲೂಕಿನ ಒಂದು ಮಗು ತರಗತಿಯಲ್ಲಿ ಕೊಟ್ಟರೆ ಏನಾಗುತ್ತದೆ? ಕಪಾಳಕ್ಕೆ ಬೀಳುತ್ತದೆ, ಅಪ್ಪನನ್ನು ಕರೆದುಕೊಂಡು ಬಾ ಎಂಬ ಅಪ್ಪಣೆಯಾಗುತ್ತದೆ. ತಿರುಗಿ ಮಾತಾಡಿದ ಸಾಬರ ಹುಡುಗನಲ್ಲಿ ಒಬ್ಬ ಬ್ರಾಹ್ಮಣ ಗುರು ಶಿಷ್ಯನನ್ನು ಕಂಡ ನಾಡು ಇದು. ನಾವು ಅವನಲ್ಲಿ ಉಡಾಳನನ್ನು ಕಾಣುತ್ತೇವೆ.

ಕನಕನ ಊರು ಬಾಡ, ಅದೂ ಶಿಗ್ಗಾಂವಿ ತಾಲ್ಲೂಕು. ಯಾರೂ ಇಲ್ಲದ ಕಡೆ ಬಾಳೆಹಣ್ಣು ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರನ್ನು ಕಳಿಸಿದ ಕಥೆ ನಮ್ಮ ಪ್ರತಿ ಮಗುವಿಗೂ ಗೊತ್ತು. ಉಳಿದವರೆಲ್ಲ ಬರಿಗೈಯಲ್ಲಿ ಬಂದರು. ಕನಕ ಹಣ್ಣನ್ನು ಹಾಗೇ ವಾಪಸ್ ತಂದ, ದೇವರಿಲ್ಲದ ಜಾಗ ಸಿಗಲಿಲ್ಲ ಎಂದ. ಎಲ್ಲರಿಗಿಂತ ಬೇರೆ ಉತ್ತರ ಕೊಟ್ಟ ಕುರುಬರ ಶಿಷ್ಯನನ್ನು ಗುರು ಎಲ್ಲರೆದುರು ಮೆಚ್ಚಿದ ಕಥೆ ಅದು. ಆ ಕಥೆಯನ್ನೇ ನಾವು ಹೇಗೆ ಕಲಿಸುತ್ತೇವೆ? ಕರಿಹಲಗೆಯ ಮೇಲೆ ಪ್ರಶ್ನೆ, ಅದರ ಕೆಳಗೆ ಉತ್ತರ, ನಲವತ್ತು ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯ. ನೀನಾಗಿದ್ದರೆ ಆ ಹಣ್ಣನ್ನು ಎಲ್ಲಿ ತಿನ್ನುತ್ತಿದ್ದೆ ಎಂದು ಒಬ್ಬರನ್ನಾದರೂ ಕೇಳಿದ್ದೇವೆಯೇ? ಕೇಳಿ ನೋಡಿ. ಹಿಂದಿನ ಸಾಲಿನಿಂದ ಬರುವ ಉತ್ತರಗಳು ನಿಮ್ಮ ನಿದ್ದೆ ಕೆಡಿಸುತ್ತವೆ. ಹಸಿದ ಮಗು "ಅಲ್ಲೇ ತಿಂತಿದ್ದೆ ರೀ" ಎನ್ನುತ್ತದೆ. ಅಲ್ಲಿಂದ ಒಂದು ನಿಜವಾದ ಪಾಠ ಶುರುವಾಗಬಹುದು.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅವರ ಅಣ್ಣನಿಗೂ ಅಷ್ಟೇ. ಆ ಹುಡುಗರು ಹಾಡುವುದನ್ನು ಹಾನಗಲ್ ಕುಮಾರಸ್ವಾಮಿಗಳು ಕಿವಿಗೊಟ್ಟು ಕೇಳಿದರು, ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಮುಂದೆ ಆ ಪರಂಪರೆಗೆ ಬಂದ ಪುಟ್ಟರಾಜ ಗವಾಯಿಗಳೂ ಹಾನಗಲ್ ತಾಲ್ಲೂಕಿನವರೇ, ಅವರಿಗೂ ದೃಷ್ಟಿಯಿರಲಿಲ್ಲ. ಅವರ ಗದುಗಿನ ಪುಣ್ಯಾಶ್ರಮದಲ್ಲಿ ನೂರಾರು ಮಕ್ಕಳು ಕಲಿತರೆಂದರೆ ಅದರ ಹಿಂದೆ ಮಗು ಯಾವ ದಾರಿಯಿಂದ ಕಲಿಯಬಲ್ಲದು ಎಂದು ನಿಂತು ಕೇಳಿದ ಒಬ್ಬ ಹಿರಿಯರಿದ್ದರು. ನಮ್ಮ ಶಾಲೆಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಹೆಸರು ರಿಜಿಸ್ಟರಿನಲ್ಲಿದೆ, ಇಲಾಖೆಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿದೆ. ಪಾಠದಲ್ಲಿ ಮಾತ್ರ ಅವರಿಲ್ಲ.

ಇದೆಲ್ಲ ಹೇಳಲು ಸುಲಭ, ಮಾಡುವುದು ಹೇಗೆ ಎನ್ನುವವರಿಗೆ: ಮಾಡಿದವರು ನಿಮ್ಮಂಥ ಸರ್ಕಾರಿ ಮೇಷ್ಟ್ರುಗಳೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಋಷಿವ್ಯಾಲಿ ಶಾಲೆಯ ಪ್ರಯೋಗ ನೋಡಿಕೊಂಡು ಬಂದ ಶಿಕ್ಷಕರು ನಲಿ-ಕಲಿ ಎಂಬ ಕಲಿಕಾ ಪದ್ಧತಿ ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಹಿಂದಿನ ಸಾಲೇ ಇಲ್ಲ. ಮಕ್ಕಳು ಗುಂಪಾಗಿ ಸುತ್ತ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಸಂಪೂರ್ಣ ಸಹಾಯ, ಒಂದಕ್ಕೆ ಭಾಗಶಃ, ಬೇರೆ ಗುಂಪುಗಳಿಗೆ ಗೆಳೆಯರ ಸಹಾಯ, ಕೊನೆಯದು ಸ್ವಕಲಿಕೆ. ಕಲಿಕಾ ಏಣಿಯ ಮೇಲೆ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಮಗುವಿಗೇ ಗೊತ್ತು. ನಾಲ್ಕು ದಿನ ತಪ್ಪಿಸಿಕೊಂಡು ಬಂದ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಕ್ರಾಸಿಂಗ್ ಕೆಲಸಕ್ಕೆ ಹೋದ ಮಗುವಿಗೆ, ವಲಸೆ ಹೋಗಿ ಬಂದ ಮಗುವಿಗೆ ಇದಕ್ಕಿಂತ ದೊಡ್ಡ ನ್ಯಾಯ ನಮ್ಮ ಶಾಲೆಗಳಲ್ಲಿ ಬೇರೆ ಬಂದಿಲ್ಲ. ಗೋಡೆಯ ಕೆಳಗಡೆ ಮಗುವಿನ ಕೈಗೆ ಎಟುಕುವಂತೆ ಕಪ್ಪು ಬಣ್ಣ ಬಳಿದು, ಅಲ್ಲಿ ಅದರ ಪಾಲಿನ ಜಾಗ ಕೊಟ್ಟದ್ದು ಸಣ್ಣ ವಿಷಯವೆಂದು ತಿಳಿಯಬೇಡಿ.

ಆದರೆ ನಾವು ಏನು ಮಾಡಿದೆವು? ಮೂರನೇ ತರಗತಿಗೆ ಅದನ್ನು ನಿಲ್ಲಿಸಿದೆವು. ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಸಾಲು ಬಂತು, ಬೆನ್ನು ಬಂತು, "ತಿಳೀತೇನು" ಬಂತು. ಒಬ್ಬರೇ ಶಿಕ್ಷಕರಿಗೆ ಮೂರೂ ತರಗತಿ ಹೊರಿಸಿ, ಕಾರ್ಡು ಹರಿದರೆ ಹೊಸದು ಕೊಡದೆ, ನಲಿ-ಕಲಿಯಲ್ಲಿ ಮಕ್ಕಳು ಓದುವುದಿಲ್ಲ ಎಂದು ಅದರ ಮೇಲೇ ಗೂಬೆ ಕೂರಿಸಿದೆವು.

ಹೀಗೆ ನಾವೇ ಮಾತು ಕಸಿದುಕೊಂಡ ಮಕ್ಕಳನ್ನು ಹತ್ತನೇ ತರಗತಿಯವರೆಗೆ ದೂಡಿಕೊಂಡು ಬಂದು, ಜನವರಿಯಲ್ಲಿ ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡಿಸುತ್ತೇವೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಿತ್ತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಗದ್ದಲವಾಯಿತು, ನೋಟಿಸುಗಳು ಹೋದವು. ಹತ್ತು ವರ್ಷ "ತಿಳೀತ್ರೀ ಸರ್ರ" ಎಂದ ಮಕ್ಕಳಿಗೆ ತಿಳಿದಿರಲಿಲ್ಲ ಎಂಬುದು ಕ್ಯಾಮೆರಾ ಬರುವವರೆಗೆ ಇಲಾಖೆಗೆ ಗೊತ್ತಿರಲಿಲ್ಲವೇ?

ಎಲ್ಲ ತಪ್ಪನ್ನೂ ಮೇಷ್ಟ್ರ ತಲೆಗೆ ಕಟ್ಟುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಖಾಲಿ ಹುದ್ದೆಗಳಿಗೆ ನೇಮಕ ಮಾಡದೆ, ಅತಿಥಿ ಶಿಕ್ಷಕರೆಂದು ಕರೆದು ಅಲ್ಪ ಗೌರವಧನ ಕೊಟ್ಟು, ಅದನ್ನೂ ತಿಂಗಳುಗಟ್ಟಲೆ ತಡ ಮಾಡುವ ಸರ್ಕಾರಕ್ಕೆ "ಪ್ರತಿ ಮಗುವೂ ಪಾಲ್ಗೊಳ್ಳಬೇಕು" ಎಂದು ತರಬೇತಿ ಕೊಡುವ ನೈತಿಕತೆ ಎಲ್ಲಿದೆ? 2025ರ ದಸರಾ ರಜೆಯನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಎಳೆದರು. ಆ ಸಮೀಕ್ಷೆ ಬೇಕು, ನಾನು ಅದರ ಪರ. ಆದರೆ ಹಿಂದುಳಿದವರನ್ನು ಎಣಿಸಲು ಹಿಂದುಳಿದವರ ಮಕ್ಕಳ ಮೇಷ್ಟ್ರೇ ಯಾಕೆ ಬೇಕು? ಕಾನ್ವೆಂಟಿನ ಮಕ್ಕಳ ಪಾಠ ಯಾವ ಸಮೀಕ್ಷೆಗೂ ಇಷ್ಟು ಬಲಿಯಾಗುವುದಿಲ್ಲ.

ಆದರೂ ಮೇಷ್ಟ್ರಿಗೆ ಒಂದು ಮಾತು. ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡದ ಹಳ್ಳಿಯಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದ. ಸರ್ಕಾರಿ ಶಾಲೆ ನಪಾಸು ಮಾಡಿ ಹೊರದಬ್ಬಿದ ಹುಡುಗರವರು. 1967ರಲ್ಲಿ ಅವರೇ ಕೂತು ಒಬ್ಬ ಶಿಕ್ಷಕಿಗೆ ಬರೆದ ಪತ್ರ ಪುಸ್ತಕವಾಗಿ ಯುರೋಪನ್ನು ನಡುಗಿಸಿತು. ಅವರ ಶಾಲೆಯಲ್ಲಿ ಕಡೆಯವನಿಗೆ ತಿಳಿಯುವವರೆಗೆ ಪಾಠ ಮುಂದೆ ಹೋಗುತ್ತಿರಲಿಲ್ಲ. ಮೊದಲು ತಿಳಿದವನು ಅವನಿಗೆ ಹೇಳಿಕೊಡುತ್ತಿದ್ದ. ಅವರಲ್ಲಿ ಸ್ಮಾರ್ಟ್ ಬೋರ್ಡ್ ಇರಲಿಲ್ಲ.

ನಿಮ್ಮ ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ ಹತ್ತು ಎಣಿಸಿ. ಮುಂದಿನವನ ಕೈ ಮೇಲಿದ್ದರೂ ಅವನ ಕಡೆ ನೋಡಬೇಡಿ. ಎಲ್ಲರೂ ಪಾಟಿಯ ಮೇಲೆ ಉತ್ತರ ಬರೆದು ಒಟ್ಟಿಗೆ ಎತ್ತಿ ತೋರಿಸಲಿ. ಯಾರಿಗೆ ತಿಳಿದಿಲ್ಲವೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇಬ್ಬಿಬ್ಬರು ಮಾತಾಡಿಕೊಂಡ ಮೇಲೆ ಹೇಳಲಿ. ಚೀಟಿ ಎತ್ತಿ ಹೆಸರು ಕರೆಯಿರಿ. ಕೂರುವ ಜಾಗವನ್ನು ಪ್ರತಿ ಸೋಮವಾರ ಬದಲಿಸಿ. ತಪ್ಪು ಹೇಳಿದ ಮಗುವಿಗೆ ಯಾರಾದರೂ ನಕ್ಕರೆ ಅಲ್ಲೇ ಪಾಠ ನಿಲ್ಲಿಸಿ, ಆ ನಗುವಿನ ಬಗ್ಗೆ ಮಾತಾಡಿ. ಪೋರ್ಷನ್ ಹಿಂದೆ ಬೀಳುತ್ತದೆ, ಬೀಳಲಿ. ಅದು ಮುಗಿದದ್ದು ಯಾವತ್ತು, ಯಾರಿಗೆ?

ಇನ್ನು ತಾಂಡಾದ, ಕೇರಿಯ ಅವ್ವಂದಿರಿಗೆ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ) ನಿಮಗೆ ಜಾಗವಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಸಮಿತಿಯ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ನಿಮ್ಮನ್ನು ಕರೆಯುವುದು ಠರಾವಿಗೆ ಹೆಬ್ಬೆಟ್ಟು ಒತ್ತಲು, ಆಗಸ್ಟ್ 15ಕ್ಕೆ ಚಪ್ಪಾಳೆ ತಟ್ಟಲು. ಈ ಸಲ ಕರೆಯುವವರೆಗೆ ಕಾಯಬೇಡಿ. ಕೂಲಿ ಇಲ್ಲದ ಒಂದು ದಿನ ಹೋಗಿ, ಹಿಂದಿನ ಸಾಲಿನಲ್ಲಿ ನಿಮ್ಮ ಮಗಳ ಪಕ್ಕ ಕೂರಿ. ಒಂದು ತಾಸಿನಲ್ಲಿ ಯಾರನ್ನು ಎಷ್ಟು ಸಲ ಕೇಳಿದರು, ಯಾರ ಹೆಸರು ಕರೆಯಲೇ ಇಲ್ಲ ಎಂದು ಎಣಿಸಿ. ಎಣಿಸಿದ್ದನ್ನು ಸಮಿತಿಯ ಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ. ಬರೆದುಕೊಳ್ಳಲು ಅವರು ಒಪ್ಪದಿದ್ದರೆ ಎಲ್ಲರೂ ಸೇರಿ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗೋಣ, ನಾನೂ ಬರುತ್ತೇನೆ.