ಮೂಗಿನ ಚೆಲುವೂ ಚರ್ಮದ ಮಿತಿಯೂ

ಚೆಲುವಿಗಾಗಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದು ಹೇಳಬೇಕಾದವರು ಯಾರು? ಮುರಿದ ಮೂಳೆ ಕೂಡಿತೇ ಇಲ್ಲವೇ ಎಂಬುದನ್ನು ಎಕ್ಸ್‌ರೇ ಹೇಳುತ್ತದೆ. ಕಣ್ಣಿನ ಪೊರೆ ತೆಗೆದ ಮೇಲೆ ಎಷ್ಟು ಅಕ್ಷರ ಓದಬಲ್ಲರೆಂದು ಪರೀಕ್ಷಿಸಬಹುದು. ಮೂಗಿನ ಆಕಾರ ತಿದ್ದುವ ರೈನೋಪ್ಲಾಸ್ಟಿಯಲ್ಲಿ ಮಾತ್ರ ಕೊನೆಯ ಮಾತು ಕನ್ನಡಿಯ ಮುಂದೆ ನಿಂತವರದೇ. ಅವರಿಗೆ ತೃಪ್ತಿಯಾಗದಿದ್ದರೆ ಎಷ್ಟು ನಾಜೂಕಾದ ಹೊಲಿಗೆಯೂ ವ್ಯರ್ಥ. ಹಾಗಿರುವಾಗ ಆ ತೃಪ್ತಿ ಯಾವುದರ ಮೇಲೆ ನಿಂತಿದೆ ಎಂದು ಕೇಳಲೇಬೇಕಾಗುತ್ತದೆ. ವೈದ್ಯರ ಕೈಚಳಕ ಬೇಕು, ನಿಜ. ಆದರೆ ಯಾವ ಕೈಚಳಕವೂ ಪೂರ್ತಿ ಬದಲಿಸಲಾಗದ ಒಂದು ವಸ್ತುವಿದೆ. ಅದು ಮೂಗಿನ ಮೇಲಿನ ಚರ್ಮ. ಆ ಚರ್ಮದ ಬಗ್ಗೆ ಮೊದಲೇ ಆಡುವ ನೇರ ಮಾತಿನಲ್ಲಿ ತೃಪ್ತಿಯ ದೊಡ್ಡ ಪಾಲು ಅಡಗಿದೆ ಎಂಬುದು ನನ್ನ ವಾದ.

ಮೂಗನ್ನು ತಿದ್ದುವುದೆಂದರೆ ಅದರ ಒಳಗಿನ ಹಂದರವನ್ನು ತಿದ್ದುವುದು. ತೆರೆದ ವಿಧಾನದಲ್ಲಿ ಎರಡು ಹೊಳ್ಳೆಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಸಣ್ಣದೊಂದು ಗಾಯ ಮಾಡಿ, ಚರ್ಮವನ್ನು ಮೇಲಕ್ಕೆ ಬಿಡಿಸುತ್ತಾರೆ. ಮೇಲ್ಭಾಗದ ಮೂಳೆಯ ಉಬ್ಬನ್ನು ತಗ್ಗಿಸುತ್ತಾರೆ, ತುದಿಯ ಮೃದ್ವಸ್ಥಿಗಳನ್ನು ಸಣ್ಣ ದಾರದಿಂದ ಬಿಗಿದು ರೂಪ ಕೊಡುತ್ತಾರೆ, ಅಗತ್ಯವಿದ್ದರೆ ಮೂಗಿನ ನಡುಗೋಡೆಯಿಂದಲೋ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿಯ ತುಂಡು ತಂದು ಆಧಾರ ಕಟ್ಟುತ್ತಾರೆ. ಆಮೇಲೆ ಅದೇ ಚರ್ಮವನ್ನು ಮತ್ತೆ ಹೊದಿಸಿ ಹೊಲಿಯುತ್ತಾರೆ. ಹಂದರ ಹೊಸದು, ಹೊದಿಕೆ ಹಳೆಯದು. ಕುರ್ಚಿಯ ಮೇಲೆ ತೆಳುವಾದ ಪಂಚೆ ಹೊದಿಸಿದರೆ ಅದರ ಪ್ರತಿಯೊಂದು ಅಂಚೂ ಕಾಣುತ್ತದೆ, ಕಂಬಳಿ ಹೊದಿಸಿದರೆ ಬರೀ ಗುಡ್ಡೆ ಕಾಣುತ್ತದೆ. ಮೂಗಿನಲ್ಲಿ ಆಗುವುದೂ ಇದೇ.

ಒಂದೇ ಮೂಗಿನಲ್ಲೂ ಚರ್ಮದ ದಪ್ಪ ಒಂದೇ ಸಮನಾಗಿರುವುದಿಲ್ಲ. ಹುಬ್ಬುಗಳ ನಡುವೆ, ಮೂಗು ಹುಟ್ಟುವ ಕಡೆ ಅದು ದಪ್ಪ. ಮೂಳೆ ಮುಗಿದು ಮೃದ್ವಸ್ಥಿ ಶುರುವಾಗುವ ನಡುಭಾಗದಲ್ಲಿ ಅತ್ಯಂತ ತೆಳು. ತುದಿಯ ಹತ್ತಿರ ಮತ್ತೆ ದಪ್ಪ. ಎಣ್ಣೆ ಸ್ರವಿಸುವ ಗ್ರಂಥಿಗಳು ಹೆಚ್ಚಾಗಿರುವವರಲ್ಲಿ ತುದಿಯ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದರೆ ಚರ್ಮ ಮಡಿಕೆಯಾಗಿ ಸುಲಭವಾಗಿ ಏಳುವುದಿಲ್ಲ, ಮೆತ್ತಗೆ ತುಂಬಿಕೊಂಡಂತೆ ಕೈಗೆ ಸಿಗುತ್ತದೆ. ಅನುಭವಿ ವೈದ್ಯರು ಮೊದಲ ಭೇಟಿಯಲ್ಲೇ ಹೀಗೆ ಮುಟ್ಟಿ ನೋಡುತ್ತಾರೆ.

ದಪ್ಪ ಚರ್ಮದ ತೊಡಕು ಎರಡು ಬಗೆಯದು. ಒಳಗೆ ಎಷ್ಟು ಚೂಪಾಗಿ ಕಡೆದರೂ ಹೊರಗೆ ಆ ಚೂಪು ಪೂರ್ತಿ ಮೂಡುವುದಿಲ್ಲ. ಹಂದರವನ್ನು ತೀರಾ ಚಿಕ್ಕದು ಮಾಡಿದರೆ, ದಪ್ಪ ಚರ್ಮ ಅದಕ್ಕೆ ತಕ್ಕಂತೆ ಕುಗ್ಗದೆ, ನಡುವೆ ಉಳಿದ ಜಾಗದಲ್ಲಿ ಗಾಯ ಮಾಯುವಾಗಿನ ಗಟ್ಟಿ ಅಂಗಾಂಶ ತುಂಬಿಕೊಳ್ಳುತ್ತದೆ. ಆಗ ತುದಿಯ ಮೇಲ್ಭಾಗ ಉಬ್ಬಿ ಮೂಗು ಗಿಣಿಯ ಕೊಕ್ಕಿನಂತೆ ಕಾಣುತ್ತದೆ. ಚಿಕ್ಕದಾಗಲೆಂದು ಮಾಡಿಸಿದ್ದು ದೊಡ್ಡದಾಗಿ ಕಾಣುವ ಅಪಾಯ ಇಲ್ಲಿದೆ. ಎರಡನೆಯದು ಕಾಯುವಿಕೆ. ಊತ ಇಳಿಯಲು ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಹಾಗೆಂದು ತೆಳು ಚರ್ಮದವರು ಭಾಗ್ಯಶಾಲಿಗಳೆಂದೇನಲ್ಲ. ಅವರ ಊತ ಬೇಗ ಇಳಿಯುತ್ತದೆ, ಆದರೆ ಕೂದಲೆಳೆಯಷ್ಟು ಡೊಂಕು ಉಳಿದರೂ ವರ್ಷಗಳು ಕಳೆದಂತೆ ಎದ್ದು ಕಾಣುತ್ತದೆ.

ತೃಪ್ತಿಯನ್ನು ಅಳೆಯಲು ವೈದ್ಯರು ಬಳಸುವ ಪ್ರಶ್ನಾವಳಿಗಳಲ್ಲಿ 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಬಹಳ ಬಳಕೆಯಲ್ಲಿದೆ. ಅದರಲ್ಲಿರುವುದು 6 ಪ್ರಶ್ನೆಗಳು. ಮೂಗಿನ ನೋಟ ನಿಮಗೆ ಹಿಡಿಸಿತೇ ಎಂಬುದು ಅವುಗಳಲ್ಲಿ ಒಂದು ಮಾತ್ರ. ಉಸಿರಾಟ ಸರಾಗವಾಗಿದೆಯೇ, ಆಪ್ತರಿಗೆ ಇಷ್ಟವಾಯಿತೇ, ಜನರ ನಡುವೆ ಓಡಾಡಲು ಅಳುಕಿದೆಯೇ, ಈಗಿನ ನೋಟವೇ ಸಾಧ್ಯವಿದ್ದುದರಲ್ಲಿ ಅತ್ಯುತ್ತಮವೆಂಬ ನಂಬಿಕೆಯಿದೆಯೇ, ಮತ್ತೆ ಬದಲಿಸಿಕೊಳ್ಳಬೇಕೆನಿಸುತ್ತದೆಯೇ ಎಂಬವು ಉಳಿದವು. ಇದನ್ನು ಗಮನಿಸಿದರೆ ದಪ್ಪ ಚರ್ಮವಿದ್ದವರಿಗೆಲ್ಲ ಅತೃಪ್ತಿ ಕಟ್ಟಿಟ್ಟದ್ದೆಂಬ ಮಾತು ನಿಲ್ಲುವುದಿಲ್ಲ. ಸಂಶೋಧನೆಗಳೂ ಒಂದೇ ದನಿಯಲ್ಲಿ ಮಾತಾಡಿಲ್ಲ. ಕೆಲವು ಅಧ್ಯಯನಗಳು ದಪ್ಪ ಚರ್ಮದವರ ತೃಪ್ತಿ ಕಡಿಮೆಯೆಂದರೆ, ಕೆಲವು ಹೇಳಿಕೊಳ್ಳುವಂಥ ಅಂತರ ಕಂಡಿಲ್ಲ. ಊತ ಇಳಿಯುವ ಮುನ್ನ ಕೇಳಿದ ಪ್ರಶ್ನೆಗೂ ಇಳಿದ ಮೇಲೆ ಕೇಳಿದ ಪ್ರಶ್ನೆಗೂ ಬೇರೆ ಉತ್ತರ ಬರುವುದು ಸಹಜ. ಅದಕ್ಕಿಂತ ಮುಖ್ಯವಾದದ್ದು ನಿರೀಕ್ಷೆ. ಏನು ಸಿಗುತ್ತದೆಂದು ತಿಳಿದು ಬಂದವರು ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತಾರೆ.

ನಿರೀಕ್ಷೆಯನ್ನು ಕೆಡಿಸುವ ಸಾಧನಗಳು ಈಗ ಎಲ್ಲರ ಕೈಯಲ್ಲೂ ಇವೆ. 12 ಅಂಗುಲ ದೂರದಿಂದ ತೆಗೆದ ಸೆಲ್ಫಿಯಲ್ಲಿ, 5 ಅಡಿ ದೂರದ ಚಿತ್ರಕ್ಕೆ ಹೋಲಿಸಿದರೆ, ಮೂಗಿನ ಬುಡ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕಹಾಕಿ ತೋರಿಸಿದರು. ಇಲ್ಲದ ದೋಷವನ್ನು ಫೋನು ತೋರಿಸುತ್ತದೆ, ಸಿಗದ ಮೂಗನ್ನು ಕಂಪ್ಯೂಟರು ತೋರಿಸುತ್ತದೆ. ಪರದೆಯ ಮೇಲೆ ಮೂಗನ್ನು ಸಣ್ಣದು ಮಾಡುವಾಗ ಚರ್ಮದ ದಪ್ಪ ಯಾರಿಗೂ ಅಡ್ಡ ಬರುವುದಿಲ್ಲ.

ಚರ್ಮ ಮತ್ತು ಮೂಗಿನ ಸಂಬಂಧಕ್ಕೆ ನಮ್ಮ ನೆಲದ ಚರಿತ್ರೆಯೂ ಸಾಕ್ಷಿ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಬಳಿ ಒಬ್ಬ ದೇಶೀ ಶಸ್ತ್ರವೈದ್ಯ ಅವನ ಹಣೆಯ ಚರ್ಮವನ್ನೇ ತಿರುಗಿಸಿ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಪ್ರಕಟಿಸಿದ ಮೇಲೆ ಯುರೋಪಿನ ವೈದ್ಯರು ಆ ವಿದ್ಯೆಯನ್ನು ಕಲಿತರು. ಅಲ್ಲಿ ಚರ್ಮವೇ ಮೂಗಾಯಿತು. ಮೂಗಿಲ್ಲದವನಿಗೆ ಮೂಗು ಬಂತು, ಯಶಸ್ಸು ಯಾವುದೆಂಬುದರಲ್ಲಿ ಅನುಮಾನವಿರಲಿಲ್ಲ. ಇಂದು ಆರೋಗ್ಯವಾಗಿರುವ ಮೂಗನ್ನೇ ತಿದ್ದುವಾಗ ಯಶಸ್ಸಿನ ಗೆರೆಯನ್ನು ಮೊದಲೇ ಎಳೆದುಕೊಳ್ಳದೆ ವಿಧಿಯಿಲ್ಲ.

ಹಣ ಕೊಟ್ಟ ಮೇಲೆ ಕೇಳಿದ್ದು ಸಿಗಬೇಡವೇ, ಚರ್ಮದ ಮೇಲೆ ತಪ್ಪು ಹೊರಿಸಿ ವೈದ್ಯರು ಜಾರಿಕೊಳ್ಳಬಹುದಲ್ಲವೇ ಎಂದು ಕೇಳುವವರಿದ್ದಾರೆ. ಆ ಆಕ್ಷೇಪಣೆ ನ್ಯಾಯವಾದದ್ದೇ. ದಪ್ಪ ಚರ್ಮಕ್ಕೆ ತಕ್ಕ ಉಪಾಯಗಳಿವೆ: ಹಂದರವನ್ನು ಸವೆಸುವ ಬದಲು ಗಟ್ಟಿಯಾಗಿ ಕಟ್ಟುವುದು, ಶಸ್ತ್ರಚಿಕಿತ್ಸೆಯ ನಂತರ ಟೇಪ್ ಹಾಕುವುದು, ಊತ ಉಳಿದರೆ ಎಚ್ಚರದಿಂದ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದು. ಇವನ್ನು ಬಲ್ಲ ವೈದ್ಯರು ಮಿತಿಯನ್ನೂ ಬಲ್ಲರು. ಆ ಮಿತಿಯನ್ನು ಮೊದಲೇ ಹೇಳಿದರೆ ಅದು ತಿಳಿವಳಿಕೆ, ಆಮೇಲೆ ಹೇಳಿದರೆ ನೆಪ.

ಮೂಗು ತಿದ್ದಿಸಿಕೊಳ್ಳುವುದು ತಪ್ಪೂ ಅಲ್ಲ, ಹಗುರವಾದ ಆಸೆಯೂ ಅಲ್ಲ. ಹೋಗುವ ಮುನ್ನ ವೈದ್ಯರನ್ನು ಮೂರು ಮಾತು ಕೇಳಿ. ನನ್ನ ಚರ್ಮ ಎಂಥದ್ದು? ಅದರಿಂದ ಯಾವುದು ಸಾಧ್ಯವಿಲ್ಲ? ಎಷ್ಟು ಕಾಲ ಕಾದು ತೀರ್ಮಾನಿಸಬೇಕು? ಮೂರಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಮೇಜಿನ ಮೇಲೆ ಮಲಗಬೇಡಿ.